ಎಲ್ಲರ ಕಾಗದ, ಒಂದೇ ಪಟ್ಟಿ

ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವುದು ಒಂದು, ಅದರೊಳಗೆ ಇಮೇಲ್ ಖಾತೆಗಳಿರುವುದು ಮೂರು. ಮೊದಲನೆಯದು ಚಿಕ್ಕಪ್ಪನದು, ಫೋನ್ ಕೊಂಡ ದಿನ ಅಂಗಡಿಯ ಹುಡುಗನೇ ಮಾಡಿಕೊಟ್ಟದ್ದು. ಎರಡನೆಯದು ಕೆಲಸಕ್ಕೆ ಅರ್ಜಿ ಹಾಕುತ್ತಿರುವ ಮಗನದು. ಮೂರನೆಯದು ಪದವಿ ಮುಗಿಸಿದ ಮಗಳದು. ಒಂದರಿಂದ ಇನ್ನೊಂದಕ್ಕೆ ಓಡಾಡುವುದು ಬೇಸರವೆಂದು ಅಣ್ಣನಾದವನು ‘ಎಲ್ಲ ಇನ್‌ಬಾಕ್ಸ್‌ಗಳು’ ಎಂಬ ಆಯ್ಕೆಯನ್ನು ಒತ್ತಿಟ್ಟಿದ್ದ. ಅಲ್ಲಿಂದಾಚೆಗೆ ಮೂವರ ಕಾಗದವೂ ಒಂದೇ ಪಟ್ಟಿಯಲ್ಲಿ, ಬಂದ ಹೊತ್ತಿನ ಪ್ರಕಾರ, ಒಂದರ ಕೆಳಗೊಂದು ಬೀಳತೊಡಗಿದವು.

ಎರಡು ವರ್ಷದ ಹಿಂದೆ ದೂರದ ಊರಿನ ಸ್ನಾತಕೋತ್ತರ ಕೋರ್ಸೊಂದಕ್ಕೆ ಅವಳಿಗೆ ಸೀಟು ಸಿಕ್ಕಿತು. ಆ ಸುದ್ದಿ ಹೊತ್ತ ಇಮೇಲ್‌ನ ಮೇಲೊಂದು ವಿಮೆಯ ಜಾಹೀರಾತು, ಕೆಳಗೊಂದು ಸಾಲದ ಜಾಹೀರಾತು ಇದ್ದವು. ಅಣ್ಣ ಬಸ್ಸಿನಲ್ಲಿ ಕುಳಿತು ಪಟ್ಟಿಯನ್ನು ‘ಕ್ಲೀನ್’ ಮಾಡುತ್ತಿದ್ದ. ಬೆರಳನ್ನು ಪಕ್ಕಕ್ಕೆ ಸರಿಸಿದರೆ ಕಾಗದ ಆರ್ಕೈವ್‌ಗೆ ಹೋಗುತ್ತದೆ. ಅದೂ ಹೋಯಿತು. ಅವಳಿಗೆ ಗೊತ್ತಾಗುವಷ್ಟರಲ್ಲಿ ದಾಖಲೆ ಪರಿಶೀಲನೆಯ ದಿನ ಮುಗಿದು ವಾರವಾಗಿತ್ತು.

ಇದರಲ್ಲಿ ಯಾರ ಕೆಡುಕೂ ಇರಲಿಲ್ಲ, ಅಣ್ಣ ಈಗಲೂ ಕೊರಗುತ್ತಾನೆ. ಆದರೆ ಅಂದಿನಿಂದ ನನಗೆ ಒಂದು ಪ್ರಶ್ನೆ ಅಂಟಿಕೊಂಡಿದೆ. ಫೋನಿನಲ್ಲಿ ಇಮೇಲ್‌ಗೆ ಬೇರೆ ಬೇರೆ ಆ್ಯಪ್ ಇರಬೇಕೋ, ಎಲ್ಲವನ್ನೂ ಒಂದೇ ಕಡೆ ತೋರಿಸುವ ಆ್ಯಪ್ ಸಾಕೋ ಎಂಬುದನ್ನು ನಾವು ಅನುಕೂಲದ ಪ್ರಶ್ನೆಯಾಗಿ ಮಾತ್ರ ಕೇಳುತ್ತೇವೆ: ಎಷ್ಟು ಬಾರಿ ಒತ್ತಬೇಕು, ಎಷ್ಟು ಬ್ಯಾಟರಿ ಹೋಗುತ್ತದೆ, ಎಷ್ಟು ಜಾಗ ತಿನ್ನುತ್ತದೆ. ಸಾಹಿತ್ಯದ ವಿದ್ಯಾರ್ಥಿಗೆ ಇದು ಮೊದಲಿಗೆ ಓದಿನ ಪ್ರಶ್ನೆ. ಯಾವ ಬರಹದ ಪಕ್ಕದಲ್ಲಿ ಯಾವ ಬರಹ ಕೂರುತ್ತದೆ, ಅದನ್ನು ಮೊದಲು ಯಾರು ಓದುತ್ತಾರೆ, ಯಾವ ಗುರುತಿನಿಂದ ಅದರ ತೂಕ ತಿಳಿಯುತ್ತದೆ ಎಂದು ಕೇಳುವುದೇ ನಮ್ಮ ಕಸುಬು. ಆ ಕಸುಬನ್ನು ಇನ್‌ಬಾಕ್ಸ್ ಮೇಲೆ ಪ್ರಯೋಗಿಸಿ ನೋಡೋಣ.

ಮೊದಲು ಆ ಆಯ್ಕೆ ಮಾಡುವ ಕೆಲಸವೇನು ಎಂಬುದು ಸ್ಪಷ್ಟವಾಗಬೇಕು. ‘ಎಲ್ಲ ಇನ್‌ಬಾಕ್ಸ್‌ಗಳು’ ಎಂದು ಒತ್ತಿದ ಕೂಡಲೇ ಖಾತೆಗಳು ಬೆರೆತುಹೋಗುವುದಿಲ್ಲ. ಒಂದೊಂದು ಖಾತೆಯ ಕಾಗದವೂ ಅದರದರ ಸರ್ವರ್‌ನಲ್ಲಿ ಬೇರೆಯಾಗಿಯೇ ಇರುತ್ತದೆ. ಬೆರೆಯುವುದು ನೋಟ ಮಾತ್ರ. ಹೊಸದು ಮೇಲೆ, ಹಳೆಯದು ಕೆಳಗೆ ಎಂಬ ಒಂದೇ ನಿಯಮದ ಮೇಲೆ ಫೋನು ಎಲ್ಲವನ್ನೂ ಸಾಲಾಗಿ ನಿಲ್ಲಿಸುತ್ತದೆ. ಐಫೋನಿಗೆ ಈ ಸೌಲಭ್ಯ ಬಂದದ್ದು 2010ರಲ್ಲಿ, ಐಓಎಸ್ 4ರ ಜೊತೆಗೆ. ಆಂಡ್ರಾಯ್ಡ್‌ನ ಜೀಮೇಲ್ ಆ್ಯಪ್‌ಗೆ ಬಂದದ್ದು 2015ರಲ್ಲಿ. ಕಚೇರಿಯದೊಂದು, ಸ್ವಂತದ್ದೊಂದು, ಹಳೆಯ ಯಾಹೂ ಒಂದು ಹೀಗೆ ಮೂರು ನಾಲ್ಕು ವಿಳಾಸವಿಟ್ಟುಕೊಂಡು ಸುಸ್ತಾದ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಂಡು ಮಾಡಿದ ಉಪಾಯ ಇದು. ಆ ಕಲ್ಪನೆಯಲ್ಲಿ ಫೋನು ಒಬ್ಬನದು, ಖಾತೆಗಳು ಹಲವು. ಈ ಮಾತನ್ನು ನೆನಪಿಡಿ. ಕೊನೆಗೆ ಇಲ್ಲಿಗೇ ಬರುತ್ತೇವೆ.

‘ಏಕೀಕೃತ’ ಎಂಬ ಮಾತಿಗೆ ಕನ್ನಡದಲ್ಲಿ ಒಳ್ಳೆಯ ಹೆಸರಿದೆ. 1956ರ ನವೆಂಬರ್ 1ನ್ನು ನೆನೆಯದೆ ನಾವು ಆ ಪದವನ್ನು ಉಚ್ಚರಿಸಲಾರೆವು. ಚದುರಿದ್ದು ಒಂದಾಯಿತು ಎಂದರೆ ನಮಗೆ ಹಬ್ಬ. ಆದ್ದರಿಂದಲೋ ಏನೋ, ಇಂದಿನ ಆಡಳಿತಕ್ಕೂ ಆ ಪದ ಪ್ರಿಯವಾಗಿದೆ. ರೈತರ ಮಾಹಿತಿಯ ‘ಫ್ರೂಟ್ಸ್’ ವ್ಯವಸ್ಥೆಯ ಪೂರ್ಣ ಹೆಸರಿನಲ್ಲಿ ‘ಏಕೀಕೃತ ಫಲಾನುಭವಿ ಮಾಹಿತಿ’ ಎಂದಿದೆ. ಪದವಿ ವಿದ್ಯಾರ್ಥಿಗಳ ಪ್ರವೇಶ, ಪರೀಕ್ಷೆ, ಅಂಕಪಟ್ಟಿಗಳನ್ನೆಲ್ಲ ನೋಡಿಕೊಳ್ಳುವ ಯುಯುಸಿಎಂಎಸ್‌ನ ಮೊದಲ ಅಕ್ಷರವೂ ‘ಏಕೀಕೃತ’ ಎಂಬುದನ್ನೇ ಸೂಚಿಸುತ್ತದೆ. ಹುಣಸೂರಿನ ದೇವರಾಜ ಅರಸು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ವಿದ್ಯಾರ್ಥಿಯಾಗಲಿ, ಕೆ.ಆರ್. ನಗರದವರಾಗಲಿ, ಎಚ್.ಡಿ. ಕೋಟೆಯವರಾಗಲಿ, ಇಂದು ಪದವಿಗೆ ಕಾಲಿಡಬೇಕಾದರೆ ಒಂದು ಮೊಬೈಲ್ ಸಂಖ್ಯೆ, ಒಂದು ಇಮೇಲ್ ವಿಳಾಸ ಕೈಯಲ್ಲಿರಬೇಕು. ವಿಳಾಸ ಇಲ್ಲದವರು ಅಂದೇ ಮಾಡಿಸಿಕೊಳ್ಳುತ್ತಾರೆ. ನಮ್ಮ ಕಡೆಯ ಬಹಳ ಹುಡುಗಿಯರ ಬದುಕಿನಲ್ಲಿ ತಮ್ಮ ಹೆಸರಿಗೇ ಬರುವ ಮೊದಲ ಅಂಚೆಪೆಟ್ಟಿಗೆ ಅದೇ.

ಹಳೆಯ ಅಂಚೆ ಹೇಗಿತ್ತು? ಅಲ್ಲಿ ಬರಹದ ಹೊರಮೈಯೇ ಅರ್ಧ ಸುದ್ದಿ ಹೇಳುತ್ತಿತ್ತು. ಕಾರ್ಡು ಎಂದರೆ ದಾರಿಯಲ್ಲಿ ಯಾರು ಓದಿದರೂ ಅಡ್ಡಿಯಿಲ್ಲದ್ದು. ನೀಲಿ ಇನ್‌ಲ್ಯಾಂಡ್ ಎಂದರೆ ಅಂಟಿಸಿದ್ದು, ಒಡೆಯುವ ಹಕ್ಕು ಒಬ್ಬರಿಗೇ ಸೇರಿದ್ದು. ಮನಿಯಾರ್ಡರ್ ಎಂದರೆ ಸಹಿ, ಸಾಕ್ಷಿ. ರಿಜಿಸ್ಟರ್ ಎಂದರೆ ಕೋರ್ಟೋ ಕಚೇರಿಯೋ ಎಂಬ ಅಳುಕು. ತಂತಿ ಎಂದರೆ ಓದುವ ಮೊದಲೇ ಎದೆ ಹೊಡೆದುಕೊಳ್ಳುತ್ತಿತ್ತು. ಮೂಲೆಗೆ ಅರಿಶಿನ ಹಚ್ಚಿದ ಪತ್ರ ದೇವರ ಮುಂದೆ ಹೋಗುತ್ತಿತ್ತು, ಸಾವಿನ ಕಾಗದವನ್ನು ಓದಿ ಹೊರಗೇ ಹರಿದು ಹಾಕುತ್ತಿದ್ದರು. ಒಳಗಿನ ಒಕ್ಕಣೆಯೂ ಅಷ್ಟೇ. ‘ತೀರ್ಥರೂಪರಿಗೆ’ ಎಂದು ಶುರುವಾಗುವ ಕಾಗದಕ್ಕೂ ‘ಮಾನ್ಯರೇ, ವಿಷಯ, ಉಲ್ಲೇಖ’ ಎಂದು ಶುರುವಾಗುವ ಕಾಗದಕ್ಕೂ ಬೇರೆ ಬೇರೆ ದನಿ, ಬೇರೆ ಬೇರೆ ಕನ್ನಡ. ಇವೆಲ್ಲ ಒಂದೇ ಅಂಚೆಯಣ್ಣನ ಚೀಲದಲ್ಲೇ ಬರುತ್ತಿದ್ದವು, ನಿಜ. ಆದರೆ ಚೀಲದಿಂದ ಹೊರಬರುವಾಗ ಪ್ರತಿಯೊಂದಕ್ಕೂ ಅದರದೇ ಮೈಬಣ್ಣವಿತ್ತು.

ಪಿನ್‌ಕೋಡನ್ನೇ ನೋಡಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಪದ್ಧತಿಯಲ್ಲಿ ಹುಣಸೂರು 571105, ಪಿರಿಯಾಪಟ್ಟಣ 571107, ಎಚ್.ಡಿ. ಕೋಟೆ 571114, ಕೆ.ಆರ್. ನಗರ 571602. ಮೊದಲ ಮೂರು ಅಂಕಿಗಳು ನಾಲ್ಕೂ ಊರುಗಳನ್ನು ಒಂದು ಗುಂಪಿಗೆ ಸೇರಿಸುತ್ತವೆ, ಉಳಿದ ಮೂರು ಒಂದೊಂದನ್ನೂ ಬಿಡಿಸಿ ಅದರದರ ಅಂಚೆಕಚೇರಿಗೆ ಮುಟ್ಟಿಸುತ್ತವೆ. ಒಟ್ಟುಗೂಡಿಸುವುದೂ ಬಿಡಿಸುವುದೂ ಒಂದೇ ಕೆಲಸದ ಎರಡು ಹಂತಗಳು. ಎಲ್ಲಿಯವರೆಗೆ ಕೂಡಿಸಬೇಕು, ಎಲ್ಲಿಂದ ಬಿಡಿಸಬೇಕು ಎಂದು ತಿಳಿದದ್ದೇ ಅಂಚೆಯ ಜಾಣತನ. ಏಕೀಕೃತ ಇನ್‌ಬಾಕ್ಸ್ ಮೊದಲ ಹಂತವನ್ನು ಮಾಡಿ ಎರಡನೆಯದನ್ನು ಓದುಗನ ಬೆರಳಿಗೆ ಬಿಟ್ಟುಬಿಡುತ್ತದೆ.

ಈ ಎರಡನೆಯ ಹಂತ ಎಷ್ಟು ದೊಡ್ಡ ಜವಾಬ್ದಾರಿ ಎಂಬುದಕ್ಕೆ ಮೈಸೂರಿನಲ್ಲೇ ಬದುಕಿ ಬರೆದ ಆರ್.ಕೆ. ನಾರಾಯಣ್ ಅವರ ಒಂದು ಕಥೆ ನೆನಪಾಗುತ್ತದೆ. ‘ಮಾಲ್ಗುಡಿ ಡೇಸ್’ ಸಂಕಲನದ ‘ದ ಮಿಸ್ಸಿಂಗ್ ಮೇಲ್’. ಅಂಚೆಯ ತಾನಪ್ಪನಿಗೆ ತನ್ನ ಬೀದಿಯ ಪ್ರತಿ ಮನೆಯ ಕಷ್ಟಸುಖವೂ ಗೊತ್ತು. ರಾಮಾನುಜಂ ಎಂಬವರ ಮಗಳ ಮದುವೆ ಹತ್ತಿರ ಬಂದಾಗ ಅವರ ಬಂಧುವೊಬ್ಬರ ಸಾವಿನ ಸುದ್ದಿ ಬರುತ್ತದೆ. ಕೊಟ್ಟರೆ ಮದುವೆ ನಿಲ್ಲುತ್ತದೆ. ತಾನಪ್ಪ ಕೊಡುವುದಿಲ್ಲ. ಮದುವೆ ಮುಗಿದ ಮೇಲೆ ತಂದುಕೊಟ್ಟು, ತಪ್ಪು ಮಾಡಿದೆನೆಂದು ಒಪ್ಪಿಕೊಳ್ಳುತ್ತಾನೆ.

ಈ ಕಥೆಯನ್ನು ಒಳ್ಳೆಯ ಅಂಚೆಯವನ ಕಥೆಯೆಂದು ಮೆಚ್ಚಿ ಮುಗಿಸುವುದುಂಟು. ನನಗದು ವಿಂಗಡಣೆಯ ಕಥೆಯಾಗಿ ಕಾಣುತ್ತದೆ. ತಾನಪ್ಪನಿಗೆ ಕಾಗದ ಬಂದ ಹೊತ್ತು ಮುಖ್ಯವಲ್ಲ, ಕಾಗದ ಸೇರಬೇಕಾದ ಮನೆಯ ಹೊತ್ತು ಮುಖ್ಯ. ಅವನು ಮಾಡಿದ್ದು ನಿಯಮದ ಪ್ರಕಾರ ಅಪರಾಧ, ಅದನ್ನು ನಾರಾಯಣ್ ಮುಚ್ಚಿಡುವುದಿಲ್ಲ. ಆ ಅಪರಾಧದಲ್ಲಿ ನಾವು ಕರುಣೆ ಕಾಣುವುದು ಏಕೆಂದರೆ, ಯಾವ ಸುದ್ದಿಯ ಪಕ್ಕ ಯಾವ ಸುದ್ದಿ ಇರಬಾರದು ಎಂದು ಅವನು ಬಲ್ಲ. ಇನ್‌ಬಾಕ್ಸ್ ಇದನ್ನು ಬಲ್ಲದು ಎಂದು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಕಾಲವೊಂದನ್ನೇ ವ್ಯಾಕರಣ ಮಾಡಿಕೊಂಡ ಪಟ್ಟಿ ಎಂಥ ಪಠ್ಯ ಎಂಬುದು ಆ ಕಥೆಯ ಪಕ್ಕದಲ್ಲಿಟ್ಟಾಗ ಕಾಣುತ್ತದೆ. ಅಲ್ಲಿ ಸೀಟು ಸಿಕ್ಕ ಕಾಗದಕ್ಕೂ ಸಾಲದ ಜಾಹೀರಾತಿಗೂ ಒಂದೇ ಅಕ್ಷರ, ಒಂದೇ ಎತ್ತರ, ಒಂದೇ ಬಣ್ಣ.

ಮೈಸೂರಿನವರೇ ಆದ ಎ.ಕೆ. ರಾಮಾನುಜನ್ 1989ರಲ್ಲಿ ಪ್ರಕಟವಾದ, ಭಾರತೀಯ ಚಿಂತನಾ ಕ್ರಮ ಎಂಬುದೊಂದು ಇದೆಯೇ ಎಂದು ಕೇಳುವ ಪ್ರಬಂಧದಲ್ಲಿ ಎರಡು ಬಗೆಯ ನಿಯಮಗಳನ್ನು ಬೇರ್ಪಡಿಸಿದರು. ಸಂದರ್ಭಕ್ಕೆ ತಕ್ಕಂತೆ ಬದಲಾಗುವ ನಿಯಮ ಒಂದು, ಸಂದರ್ಭದಿಂದ ಬಿಡಿಸಿಕೊಂಡು ಎಲ್ಲಕ್ಕೂ ಒಂದೇ ಆಗಿ ನಿಲ್ಲುವ ನಿಯಮ ಇನ್ನೊಂದು. ನಮ್ಮ ಪರಂಪರೆಯ ಒಲವು ಮೊದಲನೆಯದರ ಕಡೆಗೆ, ಆಧುನಿಕತೆಯ ಒಲವು ಎರಡನೆಯದರ ಕಡೆಗೆ ಎಂಬುದು ಅವರ ವಾದದ ಸ್ಥೂಲ ರೂಪ. ಹಾಗಿದ್ದರೂ ಹೊಸ ವಸ್ತುಗಳು ಇಲ್ಲಿ ಹಳೆಯ ಸಂದರ್ಭಕ್ಕೆ ಹೊಂದಿಕೊಳ್ಳುತ್ತವೆ ಎಂಬುದಕ್ಕೆ ಅವರು ಆಯುಧಪೂಜೆಯಲ್ಲಿ ಯಂತ್ರಗಳಿಗೂ ಪೂಜೆ ಸಲ್ಲುವುದನ್ನು ಉದಾಹರಿಸುತ್ತಾರೆ. ಆ ಕಣ್ಣಿನಿಂದ ನೋಡಿದರೆ ಏಕೀಕೃತ ಇನ್‌ಬಾಕ್ಸ್ ಎರಡನೆಯ ಬಗೆಯ ಶುದ್ಧ ಮಾದರಿ. ಯಾರಿಗೆ, ಯಾವ ಸಂಬಂಧದಲ್ಲಿ, ಯಾವ ದನಿಯಲ್ಲಿ ಎಂಬುದನ್ನೆಲ್ಲ ಅದು ಬದಿಗಿಟ್ಟು ಯಾವಾಗ ಎಂಬುದನ್ನಷ್ಟೇ ಉಳಿಸಿಕೊಳ್ಳುತ್ತದೆ.

ಇದಕ್ಕೆ ರಾಮಾನುಜನ್ ಅವರಿಂದಲೇ ಒಂದು ಪ್ರತಿವಾದವನ್ನೂ ತರಬಹುದು. ಇಂಗ್ಲಿಷು ಮತ್ತು ತಮ್ಮ ಶಾಸ್ತ್ರಾಧ್ಯಯನ ತಮಗೆ ಹೊರಗಿನ ರೂಪ ಕೊಟ್ಟವು, ಕನ್ನಡ, ತಮಿಳು, ಜಾನಪದ ಒಳಗಿನ ರೂಪ ಕೊಟ್ಟವು, ಆದರೆ ಯಾವುದು ಎಲ್ಲಿಂದ ಬಂತೆಂದು ಈಗ ತಮಗೇ ಹೇಳಲಾಗದು ಎಂಬ ಅರ್ಥದ ಮಾತನ್ನು ಅವರು ಹೇಳಿದ್ದರು. ಒಬ್ಬನ ಒಳಗೆ ಎಲ್ಲ ವಿಳಾಸಗಳೂ ಕೊನೆಗೆ ಒಂದೇ ಆಗುತ್ತವಲ್ಲ, ಇನ್‌ಬಾಕ್ಸ್ ಯಾಕೆ ಆಗಬಾರದು ಎಂದು ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಳಗೆ ಬೆರೆತರೂ ಹೊರಗೆ ಬರುವಾಗ ಅವರು ಯಾವ ಕವಿತೆ ಕನ್ನಡಕ್ಕೆ, ಯಾವುದು ಇಂಗ್ಲಿಷಿಗೆ ಎಂದು ಪ್ರತಿ ಬಾರಿಯೂ ತೀರ್ಮಾನಿಸುತ್ತಿದ್ದರು. ಬೆರಕೆಯೂ ಅವರದೇ, ತೀರ್ಮಾನವೂ ಅವರದೇ. ಚಿಕ್ಕಪ್ಪನ ಮಗಳ ವಿಷಯದಲ್ಲಿ ಎರಡೂ ಅವಳದಾಗಿರಲಿಲ್ಲ.

ಬೇರೆ ಬೇರೆ ಇಡುವುದರಲ್ಲೂ ನಷ್ಟವಿದೆ ಎಂಬುದನ್ನು ನಾನು ಅನುಭವಿಸಿಯೇ ಹೇಳಬೇಕು. ಸಂಶೋಧನೆಗೆ ಸೇರಿದ ಮೇಲೆ ನನಗೊಂದು ಹೊಸ ವಿಳಾಸ ಬಂತು. ಅದಕ್ಕೆ ಪ್ರತ್ಯೇಕ ಆ್ಯಪ್ ಹಾಕಿಕೊಂಡು, ಅದರ ಸದ್ದು ಆರಿಸಿ, ಮೂರು ವಾರ ತೆರೆಯದೇ ಬಿಟ್ಟೆ. ಒಂದು ವಿಚಾರಸಂಕಿರಣಕ್ಕೆ ಒಪ್ಪಿಗೆಯಾದ ನನ್ನ ಪ್ರಬಂಧ ಆ ಮೂರು ವಾರದಲ್ಲಿ ಉತ್ತರವಿಲ್ಲದೆ ರದ್ದಾಯಿತು. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ನೋಡುತ್ತಿದ್ದರೆ ಹೀಗಾಗುತ್ತಿರಲಿಲ್ಲ. ಆ ಬೇಸರದಲ್ಲಿ ಏಕೀಕೃತ ಪಟ್ಟಿಗೆ ಬದಲಾದೆ. ಮುಂದಿನ ತಿಂಗಳೇ ಮಾರ್ಗದರ್ಶಕರಿಗೆ ಅಧ್ಯಾಯವೊಂದನ್ನು ಕಳಿಸಿದಾಗ ಅದು ಹೋದದ್ದು ಪಿಯುಸಿಯಲ್ಲಿ ಸಿನಿಮಾ ನಾಯಕನ ಹೆಸರು ಸೇರಿಸಿ ಮಾಡಿಕೊಂಡಿದ್ದ ಹಳೆಯ ವಿಳಾಸದಿಂದ. ಬಂದ ಕಾಗದಕ್ಕೆ ಉತ್ತರಿಸುವಾಗ ಸಾಮಾನ್ಯವಾಗಿ ಅದು ಬಂದ ವಿಳಾಸವೇ ನಿಲ್ಲುತ್ತದೆ. ಹೊಸದಾಗಿ ಬರೆಯುವಾಗ ಆ್ಯಪ್ ತಾನೇ ಒಂದು ವಿಳಾಸವನ್ನು ಮುಂದಿಡುತ್ತದೆ, ನಾವು ಅದನ್ನು ನೋಡದೇ ಕಳಿಸುತ್ತೇವೆ. ಪಟ್ಟಿ ಒಂದಾದಾಗ ಓದುವವನು ಮಾತ್ರವಲ್ಲ, ಬರೆಯುವವನೂ ತಾನು ಯಾರಾಗಿ ಬರೆಯುತ್ತಿದ್ದೇನೆಂದು ಮರೆಯುತ್ತಾನೆ. ಮಾರ್ಗದರ್ಶಕರು ನಕ್ಕು ಬಿಟ್ಟರು, ನನಗೆ ನಗು ಬರಲಿಲ್ಲ.

ಬೇರ್ಪಡಿಸುವವನು ಓದುವವನೂ ಹೌದು ಎಂಬ ಮಾತನ್ನು ಮೈಸೂರಿನವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದ, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಗುವವರೆಗೂ ಬಾಳಿದ ಮೈಸೂರು ಅಂಚೆ ಕಾಗದ ಸಾಗಿಸಲಷ್ಟೇ ಹುಟ್ಟಿದ್ದಲ್ಲ. ಆರಂಭದ ಕಾಲದಲ್ಲಿ ಅದರ ಅಧಿಕಾರಿಗಳು ಸೀಮೆಯ ಆಗುಹೋಗುಗಳನ್ನು ಅರಮನೆಗೆ ವರದಿ ಮಾಡುವ ಕಣ್ಣುಗಳೂ ಆಗಿದ್ದರೆಂದು ಇತಿಹಾಸಕಾರ ವಿಲ್ಕ್ಸ್ ದಾಖಲಿಸಿದ್ದಾನೆ. ನಮ್ಮ ಕಾಲಕ್ಕೆ ಬಂದರೆ, ಜನರ ಜೀಮೇಲ್ ಪತ್ರಗಳನ್ನು ಜಾಹೀರಾತಿಗಾಗಿ ಶೋಧಿಸುವುದನ್ನು ನಿಲ್ಲಿಸುತ್ತೇವೆಂದು ಗೂಗಲ್ ಹೇಳಿದ್ದು 2017ರಲ್ಲಿ. ಹಲವು ಖಾತೆಗಳನ್ನು ಒಟ್ಟಿಗೆ ತೋರಿಸುವ ಔಟ್‌ಲುಕ್‌ನ ಮೊಬೈಲ್ ಆ್ಯಪ್ 2015ರ ಆರಂಭದಲ್ಲಿ ಬಂದಾಗ, ಬಳಕೆದಾರರ ಗುಪ್ತಪದ ಮತ್ತು ಕಾಗದಗಳು ಮೂರನೆಯವರ ಸರ್ವರ್ ಮೂಲಕ ಹಾಯುತ್ತವೆಂಬ ಕಾರಣಕ್ಕೆ ಯುರೋಪಿಯನ್ ಸಂಸತ್ತು ಅದನ್ನು ತನ್ನಲ್ಲಿ ತಡೆದಿತ್ತು. ಎಲ್ಲ ಬಾಗಿಲುಗಳ ಬೀಗದ ಕೈಯನ್ನು ಒಂದೇ ಗೊಂಚಲಿಗೆ ಪೋಣಿಸಿದರೆ ಆ ಗೊಂಚಲು ಯಾರ ಸೊಂಟದಲ್ಲಿದೆ ಎಂದು ಕೇಳುವುದು ಅನುಮಾನದ ರೋಗವಲ್ಲ.

ಈಗ ಮೊದಲಿನ ಮಾತಿಗೆ ಬರೋಣ. ಏಕೀಕೃತ ಇನ್‌ಬಾಕ್ಸ್ ಕಲ್ಪಿಸಿಕೊಂಡದ್ದು ಫೋನು ಒಬ್ಬನದು, ಖಾತೆಗಳು ಹಲವು ಎಂದು. ನಮ್ಮ ನಾಲ್ಕು ತಾಲ್ಲೂಕುಗಳ ಬಹಳಷ್ಟು ಮನೆಗಳಲ್ಲಿ ಲೆಕ್ಕ ತಲೆಕೆಳಗು: ಫೋನು ಒಂದು, ಜನ ಹಲವರು. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಬಸ್‌ನಿಲ್ದಾಣದ ಬಳಿಯ ಸೈಬರ್ ಸೆಂಟರ್‌ಗಳಿವೆ. ಪ್ರವೇಶದ ತಿಂಗಳುಗಳಲ್ಲಿ ಅಲ್ಲಿ ಅರ್ಜಿ ತುಂಬುವ ಹುಡುಗ ವಿದ್ಯಾರ್ಥಿಗಳಿಗೆ ವಿಳಾಸ ಮಾಡಿಕೊಡುತ್ತಾನೆ, ಗುಪ್ತಪದವನ್ನು ತನ್ನ ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಅವಸರವಿದ್ದರೆ ಅಂಗಡಿಯದೇ ವಿಳಾಸ ಕೊಟ್ಟು ಅರ್ಜಿ ಮುಗಿಸುವುದೂ ಉಂಟು. ಆ ಪುಸ್ತಕವೇ ನಮ್ಮ ಕಡೆಯ ನಿಜವಾದ ಏಕೀಕೃತ ಇನ್‌ಬಾಕ್ಸ್. ಆ ಹುಡುಗ ಸಾಮಾನ್ಯವಾಗಿ ಒಳ್ಳೆಯವನು, ಮೆರಿಟ್ ಪಟ್ಟಿ ಬಂದರೆ ಫೋನ್ ಮಾಡಿ ತಿಳಿಸುತ್ತಾನೆ, ತಾನಪ್ಪನ ವಂಶದವನು. ಆದರೆ ಊರಿನ ಮಕ್ಕಳ ಭವಿಷ್ಯ ಒಬ್ಬನ ಒಳ್ಳೆಯತನದ ಮೇಲೆ ನಿಲ್ಲಬೇಕಾಗಿರುವುದು ಒಳ್ಳೆಯ ವ್ಯವಸ್ಥೆಯ ಲಕ್ಷಣವಲ್ಲ.

ಹಂಚಿಕೊಂಡ ಫೋನಿನಲ್ಲಿ ಪಟ್ಟಿ ಒಂದಾದಾಗ ಬೆರೆಯುವುದು ಕಾಗದಗಳಷ್ಟೇ ಅಲ್ಲ. ಮಗಳು ಯಾವ ಊರಿನ ಕಾಲೇಜಿಗೆ ಅರ್ಜಿ ಹಾಕಿದಳು, ಯಾವ ಕೆಲಸಕ್ಕೆ ಬರೆದಳು, ಯಾವ ಗೆಳತಿ ಅವಳಿಗೆ ಏನು ಬರೆದಳು ಎಂಬುದೆಲ್ಲ ಅವಳು ಹೇಳಬೇಕೆಂದುಕೊಳ್ಳುವ ಮೊದಲೇ ಮನೆಯ ಮಾತಾಗುತ್ತದೆ. ಹೇಳುವ ಹೊತ್ತನ್ನು ಆರಿಸಿಕೊಳ್ಳುವ ಹಕ್ಕು ಅವಳ ಕೈತಪ್ಪುತ್ತದೆ. ಖಾತೆಗಳನ್ನು ಬೇರೆ ಬೇರೆಯಾಗಿ ನೋಡಿದರೂ ಜೀಮೇಲ್ ಆ್ಯಪ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಲು ಮತ್ತೆ ಗುಪ್ತಪದ ಬೇಕಿಲ್ಲ, ಚಿತ್ರದ ಮೇಲೆ ಬೆರಳು ಸರಿಸಿದರೆ ಸಾಕು. ಅದಕ್ಕೇ ಬೇರೆ ನೋಟ ಸಾಲದು, ಬೇರೆ ಆ್ಯಪ್ ಬೇಕು, ಅದಕ್ಕೆ ಬೇರೆ ಬೀಗ ಬೇಕು ಎನ್ನುತ್ತೇನೆ. ಸ್ವಂತ ಫೋನಿರುವವನಿಗೆ ಇದು ಎರಡು ಸಲ ಹೆಚ್ಚು ಒತ್ತುವ ಕಿರಿಕಿರಿ. ಸ್ವಂತ ಕೋಣೆಯಿಲ್ಲದ ಮನೆಯ ಹುಡುಗಿಗೆ ಅಷ್ಟೇ ಅಗಲದ ಕೋಣೆ.

ವಿಂಗಡಣೆ ಶ್ರಮದ ಕೆಲಸವೆಂಬುದು ಚಿಕ್ಕಪ್ಪನ ಮನೆಗೆ ಚೆನ್ನಾಗಿ ಗೊತ್ತು. ಅವರದು ಹೊಗೆಸೊಪ್ಪಿನ ಬೇಸಾಯ. ಬ್ಯಾರನ್‌ನಲ್ಲಿ ಬೆಂದು ಇಳಿದ ಎಲೆಯನ್ನು ಚಿಕ್ಕಮ್ಮ ಮತ್ತು ನೆರೆಯ ಹೆಂಗಸರು ದಿನವಿಡೀ ಕುಳಿತು ಬಣ್ಣ ನೋಡಿ, ಕಲೆ ನೋಡಿ ಬೇರೆ ಬೇರೆ ಗ್ರೇಡಿಗೆ ಹಾಕುತ್ತಾರೆ. ಬೆರೆಸಿ ಕಟ್ಟಿದ ಬೇಲನ್ನು ಕಂಪಲಾಪುರದ ಹರಾಜು ಕಟ್ಟೆಗೆ ಒಯ್ದರೆ ಒಳ್ಳೆಯ ಎಲೆಗೂ ಕೆಟ್ಟ ಎಲೆಯ ಬೆಲೆಯೇ. ಆ ಕಾಗದ ಹೇಗೆ ಕಳೆದುಹೋಯಿತೆಂದು ನಾನು ವಿವರಿಸಿದಾಗ ಚಿಕ್ಕಮ್ಮ, ಇಮೇಲ್ ಎಂದರೇನೆಂದು ಇಂದಿಗೂ ಸರಿಯಾಗಿ ತಿಳಿಯದವರು, ‘ಗ್ರೇಡ್ ಮಾಡ್ದೆ ಕಟ್ಟಿದ್ರಾ?’ ಎಂದಷ್ಟೇ ಕೇಳಿದರು. ನಾನಿಲ್ಲಿ ಇಷ್ಟು ಉದ್ದಕ್ಕೆ ಹೇಳಿದ್ದು ಅದನ್ನೇ.

ಏಕೀಕೃತ ಇನ್‌ಬಾಕ್ಸ್ ಕೆಟ್ಟ ವಸ್ತುವೆಂದು ನಾನು ಹೇಳಲಾರೆ. ತನ್ನದೇ ಫೋನು, ತನ್ನದೇ ಹಲವು ವಿಳಾಸ ಇರುವವರಿಗೆ ಅದು ಒಂದನ್ನೂ ಮರೆಯದಂತೆ ನೋಡಿಕೊಳ್ಳುತ್ತದೆ. ಕಳೆದುಕೊಂಡ ಆ ಪ್ರಬಂಧದ ಸಲುವಾಗಿ ನಾನು ಅದಕ್ಕೆ ಅಷ್ಟು ಮನ್ನಣೆ ಕೊಡಬೇಕು. ನನ್ನ ತಕರಾರು ಅದರ ಮುಗ್ಧ ನಂಬಿಕೆಯ ಬಗ್ಗೆ: ಓದುವವನು ಒಬ್ಬನೇ, ಆದ್ದರಿಂದ ಕಾಗದಗಳ ನಡುವೆ ಗೋಡೆ ಬೇಡ ಎಂಬ ನಂಬಿಕೆ. ಓದುವವರು ಯಾರು ಎಂದು ಕೇಳದೆ ಯಾವ ಪಠ್ಯವನ್ನೂ ವಿಮರ್ಶಿಸಬಾರದು ಎಂದು ತರಗತಿಯಲ್ಲಿ ಕಲಿತವರು ನಾವು. ಈ ಪಠ್ಯವನ್ನೂ ಹಾಗೇ ಕೇಳಬೇಕು.

ಮರುವರ್ಷ ಅವಳು ಮತ್ತೆ ಅರ್ಜಿ ಹಾಕಿದಳು. ಅದಕ್ಕೂ ಮೊದಲು ಹುಣಸೂರಿಗೆ ಬಂದು ನನ್ನ ಜೊತೆ ಕುಳಿತು ಹೊಸ ವಿಳಾಸವೊಂದನ್ನು ತಾನೇ ಮಾಡಿಕೊಂಡಳು. ಅದನ್ನು ಅಪ್ಪನ ಫೋನಿನಲ್ಲಿ ಬೇರೊಂದು ಆ್ಯಪ್‌ಗೆ ಸೇರಿಸಿ, ಆ ಆ್ಯಪ್‌ಗೆ ಬೀಗ ಹಾಕಿದಳು. ಗುಪ್ತಪದ ಟೈಪ್ ಮಾಡುವಾಗ ಫೋನನ್ನು ನನ್ನ ಕಡೆಯಿಂದ ಸ್ವಲ್ಪ ತಿರುಗಿಸಿಕೊಂಡಳು. ನಾನು ಕಿಟಕಿಯಾಚೆ ನೋಡಿದೆ.